ಅಲರ್ಟ್‌ಗಿಂತ ಮೊದಲು ತೂಕ: ಸಣ್ಣ ಆಸ್ಪತ್ರೆಯಲ್ಲಿ ಕಂಪ್ಯೂಟರ್ ಚೀಟಿಯನ್ನು ಸುರಕ್ಷಿತ ಮಾಡಿಕೊಳ್ಳುವ ಕ್ರಮ

ಮೂವತ್ತರಿಂದ ನೂರು ಹಾಸಿಗೆಯ ಆಸ್ಪತ್ರೆ ನಡೆಸುವವರು, ಅಲ್ಲಿನ ಫಾರ್ಮಸಿಸ್ಟ್‌ಗಳು ಮತ್ತೆ ಮತ್ತೆ ಕೇಳುವುದು ಇದನ್ನೇ: "ಸಾಫ್ಟ್‌ವೇರ್ ಇದೆ, ಬಿಲ್ಲಿಂಗ್ ಆಗುತ್ತೆ, ಚೀಟಿಯೂ ಪ್ರಿಂಟ್ ಆಗುತ್ತೆ. ಔಷಧಿ ತಪ್ಪಾದರೆ ಅದೇ ಎಚ್ಚರಿಸುವ ಹಾಗೆ ಮಾಡಿಕೊಳ್ಳೋದು ಹೇಗೆ?" ಅದರ ಬೆನ್ನಿಗೇ ಇನ್ನೊಂದು: "ಅಲರ್ಟ್ ಆನ್ ಮಾಡಿದ್ವಿ. ಡಾಕ್ಟರುಗಳು ಎರಡೇ ವಾರಕ್ಕೆ ರೇಗಿ ಆಫ್ ಮಾಡಿಸಿದ್ರು. ಈಗೇನು ಮಾಡೋದು?"

ಎರಡೂ ಪ್ರಶ್ನೆಗಳ ಬೇರು ಒಂದೇ. ಅಲರ್ಟ್ ಅನ್ನುವುದು ಈ ಕೆಲಸದ ಕೊನೆಯ ಭಾಗ, ನಾವು ಅದನ್ನೇ ಮೊದಲು ಮಾಡಹೊರಡುತ್ತೇವೆ. ರೋಗಿಯ ತೂಕವೇ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಡೋಸ್ ಹೆಚ್ಚಾಯಿತೆಂದು ಅದಕ್ಕೆ ತಿಳಿಯುವುದಾದರೂ ಹೇಗೆ? ಈ ಲೇಖನದಲ್ಲಿ ಅಲರ್ಟ್‌ನ ಸರದಿ ಬರುವುದು ಐದನೇ ಹಂತದಲ್ಲಿ. ಅಲ್ಲಿಯವರೆಗಿನ ಕೆಲಸ ಬೇಸರದ್ದು, ಆದರೆ ಮುಕ್ಕಾಲು ಪಾಲು ಲಾಭ ಅಲ್ಲೇ ಇದೆ.

ಇದು ಏನು, ಏನಲ್ಲ

ಕ್ಲಿನಿಕಲ್ ಡಿಸಿಷನ್ ಸಪೋರ್ಟ್ ಎಂದರೆ, ವೈದ್ಯರು ಔಷಧಿ ಬರೆಯುವ ಹೊತ್ತಿಗೆ ಆ ರೋಗಿಯ ವಿವರಗಳನ್ನು ಔಷಧಿಯ ನಿಯಮಗಳ ಜೊತೆ ತಾಳೆ ನೋಡಿ ಸಲಹೆ ಕೊಡುವ ವ್ಯವಸ್ಥೆ. ಅದಕ್ಕೆ ಮೂರು ಬೇಕು: ಒಳಗೇನಿದೆ ಎಂದು ಬಿಡಿಸಿ ಬರೆದ ಔಷಧಿಗಳ ಪಟ್ಟಿ, ರೋಗಿಯ ಮಾಹಿತಿ, ಮತ್ತು ನಿಯಮಗಳು. ಒಂದು ಇಲ್ಲದಿದ್ದರೂ ಉಳಿದೆರಡು ದಂಡ. ಸಲಹೆ ಯಾವಾಗಲೂ ಪರದೆಯ ಮೇಲೆ ಧುತ್ತೆಂದು ಏಳುವ ಪೆಟ್ಟಿಗೆಯೇ ಆಗಬೇಕಿಲ್ಲ. ಸರಿಯಾದ ಡೋಸ್ ಮೊದಲೇ ತುಂಬಿಕೊಂಡು ಬರುವುದೂ ಡಿಸಿಷನ್ ಸಪೋರ್ಟೇ, ಅದೇ ಹೆಚ್ಚು ಕೆಲಸ ಮಾಡುವ ರೂಪವೂ ಹೌದು.

ಇದರಿಂದ ನಿಜಕ್ಕೂ ಉಪಯೋಗವಿದೆಯೇ? 1998ರಲ್ಲಿ ಬಾಸ್ಟನ್ನಿನ ಬ್ರಿಗಮ್ ಅಂಡ್ ವಿಮೆನ್ಸ್ ಆಸ್ಪತ್ರೆಯಿಂದ ಬಂದ ಅಧ್ಯಯನದಲ್ಲಿ, ಆರ್ಡರುಗಳನ್ನು (ಯಾವ ಔಷಧಿ, ಎಷ್ಟು ಕೊಡಬೇಕೆಂದು ವೈದ್ಯರು ಬರೆಯುವ ಆದೇಶ) ಕಂಪ್ಯೂಟರಿಗೆ ಬದಲಾಯಿಸಿದ ಮೇಲೆ ಗಂಭೀರ ಔಷಧಿ ತಪ್ಪುಗಳು 55% ಇಳಿದವು. 2005ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಆಸ್ಪತ್ರೆಯಿಂದ ಬಂದ ಇನ್ನೊಂದು ಅಧ್ಯಯನ, ಇಂಥದೇ ವ್ಯವಸ್ಥೆ 22 ಬಗೆಯ ಹೊಸ ತಪ್ಪುಗಳಿಗೆ ದಾರಿ ಮಾಡಿಕೊಟ್ಟದ್ದನ್ನು ಪಟ್ಟಿ ಮಾಡಿತು. ಎರಡೂ ನಿಜ. ನಿಮ್ಮಲ್ಲಿ ಯಾವುದು ಆಗುತ್ತದೆ ಎಂಬುದು ಕೆಳಗಿನ ಹಂತಗಳ ಮೇಲೆ ನಿಂತಿದೆ.

ಹಂತ 1: ಮೂರು ಜನ, ಒಂದು ಪುಸ್ತಕ

ಒಬ್ಬ ವೈದ್ಯರು (ಹೆಚ್ಚು ಚೀಟಿ ಬರೆಯುವವರೇ ಆಗಲಿ), ಫಾರ್ಮಸಿಸ್ಟ್, ಮತ್ತು ವಾರ್ಡಿನ ಹಿರಿಯ ಸಿಸ್ಟರ್. ನಿಯಮ ಸೇರಿಸುವುದು, ತೆಗೆಯುವುದು ಈ ಮೂವರ ಸಹಿಯಿಂದ ಮಾತ್ರ. ಯಾವ ದಿನ ಯಾವ ನಿಯಮ ಏಕೆ ಬದಲಾಯಿತು ಎಂದು ಒಂದು ಪುಸ್ತಕದಲ್ಲಿ ಬರೆದಿಡಿ. ಸಾಫ್ಟ್‌ವೇರ್ ಕಂಪನಿಯ ಹುಡುಗನಿಗೆ ಫೋನ್ ಮಾಡಿ "ಅದನ್ನ ತೆಗೆದುಬಿಡಪ್ಪಾ" ಎನ್ನುವ ಪದ್ಧತಿ ಮೊದಲು ನಿಲ್ಲಬೇಕು.

ಕಂಪನಿಯಿಂದ ಈ ನಾಲ್ಕಕ್ಕೆ ಬರವಣಿಗೆಯಲ್ಲೇ ಉತ್ತರ ಪಡೆಯಿರಿ. ಒಂದೊಂದು ನಿಯಮವನ್ನು ಬಿಡಿಯಾಗಿ ಆನ್ ಅಥವಾ ಆಫ್ ಮಾಡಲು ಬರುತ್ತದೆಯೇ? ಔಷಧಿ ಮಾಹಿತಿಯನ್ನು ಯಾರು, ಎಷ್ಟು ತಿಂಗಳಿಗೊಮ್ಮೆ ಹೊಸದು ಮಾಡುತ್ತಾರೆ? ಯಾವ ಅಲರ್ಟ್ ಬಂತು, ಯಾರು ದಾಟಿ ಹೋದರು ಎಂಬ ದಾಖಲೆ ಎಕ್ಸೆಲ್‌ನಲ್ಲಿ ಸಿಗುತ್ತದೆಯೇ? ನೆಟ್ ಹೋದಾಗ ಏನು ನಡೆಯುತ್ತದೆ, ಏನು ನಿಲ್ಲುತ್ತದೆ? ಮೊದಲನೆಯದಕ್ಕೆ "ಇಲ್ಲ, ಎಲ್ಲಾ ಒಟ್ಟಿಗೆ ಆನ್, ಇಲ್ಲಾಂದ್ರೆ ಎಲ್ಲಾ ಆಫ್" ಎಂದರೆ ಆ ಸರಕು ಬೇಡ.

ಹಂತ 2: ಐಟಂ ಮಾಸ್ಟರ್ ಶುಚಿ ಮಾಡಿ

ನಮ್ಮ ಬಹುಪಾಲು ಆಸ್ಪತ್ರೆಗಳಲ್ಲಿ ಸಾಫ್ಟ್‌ವೇರ್ ಹುಟ್ಟಿದ್ದು ಬಿಲ್ ಹಾಕಲು. ಅದರ ಐಟಂ ಮಾಸ್ಟರ್‌ನಲ್ಲಿ, ಅಂದರೆ ಸರಕುಗಳ ಮೂಲ ಪಟ್ಟಿಯಲ್ಲಿ, ಬ್ರಾಂಡ್ ಹೆಸರು, ಬ್ಯಾಚ್, ಎಕ್ಸ್‌ಪೈರಿ, ಎಂಆರ್‌ಪಿ ಎಲ್ಲ ಇರುತ್ತವೆ. ಒಳಗೆ ಏನಿದೆ ಎಂಬುದು ಮಾತ್ರ ಇರುವುದಿಲ್ಲ. ಕಂಪ್ಯೂಟರ್ ಪಾಲಿಗೆ 'ಡೋಲೋ 650' ಒಂದು ಸರಕು ಅಷ್ಟೆ, ಅದು ಪ್ಯಾರಾಸಿಟಮಾಲ್ ಎಂದು ಅದಕ್ಕೆ ಯಾರೂ ಹೇಳಿಲ್ಲ.

ಮಾಡಬೇಕಾದ್ದು ಇಷ್ಟು:

ಕಳೆದ 6 ತಿಂಗಳಲ್ಲಿ ಒಂದು ಸಲವಾದರೂ ಮಾರಾಟವಾದ ಔಷಧಿಗಳನ್ನು ಮಾತ್ರ ತೆಗೆದುಕೊಳ್ಳಿ, ಉಳಿದವು ಪಟ್ಟಿಯಲ್ಲಿ ಕಾಣದಂತೆ ಮಾಡಿ. ಪ್ರತಿಯೊಂದಕ್ಕೂ ಐದು ಕಾಲಂ: ಜೆನೆರಿಕ್ ಹೆಸರು, ಶಕ್ತಿ, ಅಳತೆ (ಮಿ.ಗ್ರಾಂ, ಯೂನಿಟ್, ಮಿ.ಗ್ರಾಂ/ಮಿ.ಲೀ.), ರೂಪ (ಮಾತ್ರೆ, ಸಿರಪ್, ಡ್ರಾಪ್ಸ್, ಇಂಜೆಕ್ಷನ್), ಕೊಡುವ ದಾರಿ. ಸಂಯುಕ್ತ ಮಾತ್ರೆಯಾದರೆ ಒಳಗಿನ ಪ್ರತಿ ಔಷಧಿಗೂ ಬೇರೆ ಸಾಲು. ಒಬ್ಬರು ತುಂಬಿ, ಇನ್ನೊಬ್ಬರು ಬಾಕ್ಸ್ ಕೈಯಲ್ಲಿ ಹಿಡಿದು ತಾಳೆ ನೋಡಬೇಕು. ಬ್ರಾಂಡ್ ಹೆಸರಿನ ಹಿಂದೆ ಬರುವ ಪ್ಲಸ್, ಫೋರ್ಟ್, ಡಿ, ಪಿ ಇವನ್ನು ನಂಬಬೇಡಿ. ಒಂದೇ ಹೆಸರಿನ ನೆರಳಿನಲ್ಲಿ ಬೇರೆ ಬೇರೆ ಔಷಧಿ ಇರುವುದು ಇಲ್ಲಿ ಮಾಮೂಲು.

ಸಂಯುಕ್ತ ಮಾತ್ರೆಗಳನ್ನು ಬಿಡಿಸದಿದ್ದರೆ ಏನಾಗುತ್ತದೆ ನೋಡಿ. ಜ್ವರಕ್ಕೆ 650ರ ಪ್ಯಾರಾಸಿಟಮಾಲ್ ದಿನಕ್ಕೆ ಮೂರು: 1950 ಮಿ.ಗ್ರಾಂ. ಮೈಕೈ ನೋವಿಗೆ ಅಸೆಕ್ಲೋಫೆನಾಕ್ ಜೊತೆ 325 ಇರುವ ಮಾತ್ರೆ ಎರಡು: 650. ನೆಗಡಿಗೆ 500 ಇರುವ ಮಾತ್ರೆ ಮೂರು: 1500. ಒಟ್ಟು 4100 ಮಿ.ಗ್ರಾಂ, ವಯಸ್ಕರ ದಿನದ ಮಿತಿಯಾದ 4 ಗ್ರಾಂ ದಾಟಿತು. ಚೀಟಿಯಲ್ಲಿ ಮಾತ್ರ ಮೂರು ಬೇರೆ ಬೇರೆ ಹೆಸರು. ಮನುಷ್ಯರ ಕಣ್ಣು ಇದನ್ನು ತಪ್ಪಿಸಿಕೊಳ್ಳುತ್ತದೆ, ಕೂಡುವ ಲೆಕ್ಕದಲ್ಲಿ ಕಂಪ್ಯೂಟರ್ ಸೋಲುವುದಿಲ್ಲ. ಆದರೆ ಕೂಡಲು ಅಂಕಿ ಇರಬೇಕು.

ಸಿರಪ್‌ಗಳ ವಿಷಯ ಇನ್ನೂ ಸೂಕ್ಷ್ಮ. ಮಕ್ಕಳ ಪ್ಯಾರಾಸಿಟಮಾಲ್ 5 ಮಿ.ಲೀ.ಗೆ 125, 5 ಮಿ.ಲೀ.ಗೆ 250, ಮತ್ತು ಡ್ರಾಪ್ಸ್‌ನಲ್ಲಿ 1 ಮಿ.ಲೀ.ಗೇ 100 ಮಿ.ಗ್ರಾಂ ಹೀಗೆ ಸಿಗುತ್ತದೆ. 10 ಕೆ.ಜಿ. ತೂಕದ ಮಗುವಿಗೆ ಒಂದು ಹೊತ್ತಿಗೆ ಕೆ.ಜಿ.ಗೆ 15ರಂತೆ 150 ಮಿ.ಗ್ರಾಂ ಬೇಕು: ಮೊದಲನೆಯದರಲ್ಲಿ 6 ಮಿ.ಲೀ., ಎರಡನೆಯದರಲ್ಲಿ 3, ಡ್ರಾಪ್ಸ್‌ನಲ್ಲಿ ಒಂದೂವರೆ. "5 ಎಂಎಲ್ ಕೊಡಿ" ಎಂದಷ್ಟೇ ಬರೆದು ಮನೆಯವರ ಕೈಗೆ ಡ್ರಾಪ್ಸ್ ಹೋದರೆ ಅದು 500 ಮಿ.ಗ್ರಾಂ. ಆದ್ದರಿಂದ ದ್ರವ ಔಷಧಿಗಳಿಗೆ ವೈದ್ಯರು ಮಿ.ಗ್ರಾಂನಲ್ಲಿ ಬರೆಯಲಿ, ಮಿ.ಲೀ.ಯನ್ನು ಕಂಪ್ಯೂಟರ್ ಲೆಕ್ಕ ಹಾಕಲಿ, ಚೀಟಿಯಲ್ಲಿ ಎರಡೂ ಅಚ್ಚಾಗಲಿ.

ಇನ್ಸುಲಿನ್‌ನಲ್ಲಿ ಇಂಥದೇ ಹೊಂಡ. ಇಲ್ಲಿನ ವಯಲ್‌ಗಳು ಹೆಚ್ಚಾಗಿ ಮಿ.ಲೀ.ಗೆ 40 ಯೂನಿಟ್‌ನವು, ಪೆನ್ ಕಾರ್ಟ್ರಿಜ್‌ಗಳು 100 ಯೂನಿಟ್‌ನವು. 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ. ಸಿರಿಂಜ್ ಅದಲು ಬದಲಾದರೆ ಡೋಸ್ ಎರಡೂವರೆ ಪಟ್ಟು ಏರುತ್ತದೆ, ಇಲ್ಲವೇ ಅಷ್ಟೇ ಇಳಿಯುತ್ತದೆ. ಐಟಂ ಮಾಸ್ಟರ್‌ನಲ್ಲಿ ಇವೆರಡೂ ಬೇರೆ ಬೇರೆ ಐಟಂ ಆಗಿರಲಿ, ಆರ್ಡರಿನ ಜೊತೆಯಲ್ಲೇ ಸಿರಿಂಜಿನ ಬಗೆಯೂ ಬರಲಿ.

ಔಷಧಿಗಳಿಗೆ ಸಂಕೇತ ಸಂಖ್ಯೆ ಕೊಡುವಾಗ ನಿಮ್ಮದೇ ಸಂಖ್ಯೆ ಹುಟ್ಟಿಸಬೇಡಿ. ಸ್ನೋಮೆಡ್ ಸಿಟಿ ಎಂಬ ಅಂತರರಾಷ್ಟ್ರೀಯ ಸಂಕೇತ ಪಟ್ಟಿಗೆ ಭಾರತ ಸದಸ್ಯ ದೇಶ, ಇಲ್ಲಿ ಬಳಸಲು ಶುಲ್ಕವಿಲ್ಲ. ಅದರ ಮೇಲೇ ಕಟ್ಟಿದ ಭಾರತೀಯ ಔಷಧಿ ಸಂಕೇತಗಳೂ ಇವೆ. ಮುಂದೆ ಸಾಫ್ಟ್‌ವೇರ್ ಬದಲಿಸಿದರೆ ಪಟ್ಟಿ ಮತ್ತೆ ಮೊದಲಿಂದ ಕಟ್ಟುವ ಗೋಳು ತಪ್ಪುತ್ತದೆ.

ಹಂತ 3: ನಾಲ್ಕು ಮಾಹಿತಿ ತುಂಬದೆ ಆರ್ಡರ್ ಇಲ್ಲ

ತೂಕ. ಅಳೆದದ್ದೋ, ಮನೆಯವರು ಹೇಳಿದ್ದೋ ಎಂಬುದನ್ನೂ ಗುರುತು ಹಾಕಿ. 12 ವರ್ಷದೊಳಗಿನವರಿಗೆ ಅಳೆದ ತೂಕವೇ ಬೇಕು, ತಾರೀಖಿನ ಸಮೇತ. 7.5 ಹೋಗಿ 75 ಆಗುವುದು ಸಾಮಾನ್ಯ, ಅದಕ್ಕೆ ವಯಸ್ಸಿಗೆ ತಕ್ಕ ಗಡಿ ಹಾಕಿ: ಒಂದು ವರ್ಷದ ಕೂಸಿಗೆ 20 ಕೆ.ಜಿ. ಎಂದು ಒತ್ತಿದರೆ ಪರದೆ ಒಪ್ಪಬಾರದು.

ಅಲರ್ಜಿ. ಇಲ್ಲಿ ಬಹಳ ಕಡೆ ಕೆಡುವುದು, ಅಲರ್ಜಿಯನ್ನು ಖಾಲಿ ಜಾಗದಲ್ಲಿ ಮನಸ್ಸಿಗೆ ಬಂದಂತೆ ಟೈಪ್ ಮಾಡುವುದರಿಂದ. "ಪೆನ್ಸಿಲಿನ್ ಆಗಲ್ಲ" ಎಂದು ಟೈಪ್ ಮಾಡಿದ್ದು ಮನುಷ್ಯರು ಓದಲು ಸರಿ, ಕಂಪ್ಯೂಟರ್ ಅದನ್ನು ತಾಳೆ ನೋಡಲಾರದು. ಪಟ್ಟಿಯಿಂದಲೇ ಆರಿಸಬೇಕು, ಆರಿಸಿದ್ದು ಗುಂಪಿಗೆ ಅನ್ವಯವಾಗಬೇಕು. ಪೆನ್ಸಿಲಿನ್ ಎಂದರೆ ಅಮಾಕ್ಸಿಸಿಲಿನ್-ಕ್ಲಾವುಲನೇಟ್, ಪೈಪರಾಸಿಲಿನ್ ಕೂಡ ಸಿಕ್ಕಿಬೀಳಬೇಕು. ಏನಾಗಿತ್ತು ಎಂಬುದಕ್ಕೂ ಒಂದು ಕಾಲಂ ಇರಲಿ. ಮಾತ್ರೆ ನುಂಗಿದಾಗ ವಾಂತಿಯಾದದ್ದಕ್ಕೂ ಉಸಿರುಗಟ್ಟಿ ಮೈ ಊದಿದ್ದಕ್ಕೂ ಒಂದೇ ಅಲರ್ಟ್ ಬಂದರೆ ಎರಡನ್ನೂ ಯಾರೂ ಲೆಕ್ಕಿಸುವುದಿಲ್ಲ. "ಇಲ್ಲ" ಮತ್ತು "ಕೇಳಿಲ್ಲ" ಎರಡು ಬೇರೆ ಆಯ್ಕೆಗಳಾಗಿರಲಿ.

ಕ್ರಿಯಾಟಿನಿನ್. ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಎಂದು ತಿಳಿಸುವ ರಕ್ತ ಪರೀಕ್ಷೆ ಇದು. ಲ್ಯಾಬ್ ರಿಪೋರ್ಟಿನ ಅಂಕಿ ತಾನಾಗಿ ಔಷಧಿ ಪರದೆಗೆ ಬರಬೇಕು, ಜೊತೆಗೆ ತಾರೀಖೂ ಬರಬೇಕು. ಅಂಕಿ ಮಾತ್ರ ನೋಡಿದರೆ ಮೋಸ ಹೋಗುತ್ತೀರಿ. 74 ವರ್ಷದ, 45 ಕೆ.ಜಿ.ಯ ಅಜ್ಜಿಯ ಕ್ರಿಯಾಟಿನಿನ್ 1.1 ಎಂದರೆ ರಿಪೋರ್ಟಿನಲ್ಲಿ ಮೇಲ್ನೋಟಕ್ಕೆ ನಾರ್ಮಲ್. ಕಾಕ್‌ಕ್ರಾಫ್ಟ್-ಗಾಲ್ಟ್ ಸೂತ್ರಕ್ಕೆ ಹಾಕಿ: 140ರಲ್ಲಿ ವಯಸ್ಸು ಕಳೆದರೆ 66, ತೂಕದಿಂದ ಗುಣಿಸಿದರೆ 2970. ಅದನ್ನು 72 ಗುಣಿಸು 1.1ರಿಂದ, ಅಂದರೆ 79.2ರಿಂದ ಭಾಗಿಸಿದರೆ 37.5. ಹೆಂಗಸಾದ್ದರಿಂದ 0.85ರಿಂದ ಗುಣಿಸಿ: ನಿಮಿಷಕ್ಕೆ 32 ಮಿ.ಲೀ. ಕಿಡ್ನಿ ರಕ್ತ ಸೋಸುವ ವೇಗ ಇಷ್ಟೇ. ಇನ್ನು ಸ್ವಲ್ಪ ಇಳಿದು 30ರ ಕೆಳಗೆ ಹೋದರೆ, ರಕ್ತ ಹೆಪ್ಪುಗಟ್ಟದಂತೆ ದಿನಕ್ಕೆರಡು ಬಾರಿ ಕೊಡುವ ಎನಾಕ್ಸಪ್ಯಾರಿನ್‌ನ ಚಿಕಿತ್ಸಾ ಡೋಸ್ ಕೆ.ಜಿ.ಗೆ 1 ಮಿ.ಗ್ರಾಂನಂತೆ ದಿನಕ್ಕೆ ಒಂದೇ ಬಾರಿ ಆಗಬೇಕು. ಈ ಲೆಕ್ಕವನ್ನು ರಾತ್ರಿ ಎರಡು ಗಂಟೆಗೆ ಡ್ಯೂಟಿ ಡಾಕ್ಟರ್ ಬಾಯಲ್ಲಿ ಮಾಡಲಿ ಎಂದು ನಿರೀಕ್ಷಿಸುವುದು ತಪ್ಪು. ಪರದೆಯ ಮೂಲೆಯಲ್ಲಿ ಅದು ಸದಾ ಕಾಣುತ್ತಿರಲಿ. ಎಚ್ಚರಿಕೆ ಎರಡು: ಈ ಸೂತ್ರ ಮಕ್ಕಳಿಗೆ ಸಲ್ಲದು, ಮತ್ತು ಕಿಡ್ನಿ ದಿಢೀರೆಂದು ಕೆಡುತ್ತಿರುವಾಗ ನಿನ್ನೆಯ ಕ್ರಿಯಾಟಿನಿನ್ ಇವತ್ತಿನ ಸ್ಥಿತಿ ಹೇಳುವುದಿಲ್ಲ. ಒಳರೋಗಿಗೆ 48 ಗಂಟೆಗಿಂತ ಹಳೆಯ ಅಂಕಿಯನ್ನು ಬೂದು ಬಣ್ಣದಲ್ಲಿ ತೋರಿಸಿ.

ಗರ್ಭ, ಎದೆಹಾಲು. 12ರಿಂದ 50 ವರ್ಷದ ಹೆಂಗಸರಿಗೆ ಕೊನೆಯ ಮುಟ್ಟಿನ ದಿನ ಕೇಳುವ ಒಂದು ಸಾಲು ಸಾಕು.

ಈ ನಾಲ್ಕನ್ನೂ ತುಂಬುವವರು ಯಾರು ಎಂದು ಮೊದಲೇ ನಿಗದಿಯಾಗಬೇಕು. ಒಪಿಡಿಯಲ್ಲಿ ಬಿಪಿ ನೋಡುವ ಸಿಸ್ಟರ್ ತೂಕ, ಅಲರ್ಜಿ ಎರಡನ್ನೂ ತುಂಬಿ ಕಳಿಸುವುದು ಸಲೀಸು. ಡಾಕ್ಟರ ಮುಂದೆ ಕುಳಿತ ಮೇಲೆ ತೂಕ ಹಾಕಲು ಯಾರೂ ಏಳುವುದಿಲ್ಲ. ತುರ್ತು ಚಿಕಿತ್ಸಾ ಘಟಕಕ್ಕೆ ಈ ಕಡ್ಡಾಯ ಬೇಡ. ಅಲ್ಲಿ ಮೊದಲು ಔಷಧಿ, ಆಮೇಲೆ ದಾಖಲೆ.

ಹಂತ 4: ತಪ್ಪಾಗಿ ಬರೆಯಲು ಕಷ್ಟವಾಗುವ ಪರದೆ

ನಮ್ಮ ಅಭಿಪ್ರಾಯದಲ್ಲಿ ಹಣ, ಸಮಯ ಎರಡನ್ನೂ ಹೆಚ್ಚು ಹಾಕಬೇಕಾದದ್ದು ಇಲ್ಲಿ.

ಔಷಧಿ ಹುಡುಕುವಾಗ ಕನಿಷ್ಠ ಐದು ಅಕ್ಷರ ಒತ್ತಿದ ಮೇಲಷ್ಟೇ ಪಟ್ಟಿ ತೆರೆಯಲಿ. ಇಂಗ್ಲಿಷಿನ ಮೂರು ಅಕ್ಷರ ಒತ್ತಿದರೆ ಮೆಟ್‌ಫಾರ್ಮಿನ್, ಮೆಟ್ರೋನಿಡಜೋಲ್, ಮೆಟೊಪ್ರೊಲಾಲ್, ಮೆಥೊಟ್ರೆಕ್ಸೇಟ್ ಒಂದರ ಕೆಳಗೊಂದು ಬರುತ್ತವೆ. ಮೌಸ್ ಒಂದು ಸಾಲು ಜಾರಿದರೆ ಸಕ್ಕರೆ ಕಾಯಿಲೆಯವರಿಗೆ ಕ್ಯಾನ್ಸರ್, ಸಂಧಿವಾತದ ಔಷಧಿ. ಆರಿಸಿದ ಕೂಡಲೇ ಡೋಸ್, ಎಷ್ಟು ಹೊತ್ತು, ಎಷ್ಟು ದಿನ ಎಲ್ಲ ತುಂಬಿದ ಸಿದ್ಧ ಸಾಲುಗಳು ಬರಲಿ. ಹೆಚ್ಚು ಬರೆಯುವ ನೂರು ಔಷಧಿಗಳಿಗೆ ಇಂಥ ಸಾಲುಗಳನ್ನು ಮಾಡಿಟ್ಟರೆ ವೈದ್ಯರಿಗೂ ಬೇಗ ಮುಗಿಯುತ್ತದೆ. ಅವರು ಹೊಸ ವ್ಯವಸ್ಥೆಯನ್ನು ಒಪ್ಪುವುದು ಸುರಕ್ಷತೆಯ ಭಾಷಣದಿಂದಲ್ಲ, ಇದರಿಂದ.

ಮೆಥೊಟ್ರೆಕ್ಸೇಟ್‌ಗೆ ಸಿದ್ಧ ಸಾಲು ವಾರಕ್ಕೊಮ್ಮೆ ಎಂದೇ ಇರಲಿ, ವಾರದ ಹೆಸರು ಆರಿಸದೆ ಮುಂದೆ ಹೋಗದಂತಿರಲಿ. ಸಂಧಿವಾತಕ್ಕೆ, ಸೋರಿಯಾಸಿಸ್‌ಗೆ ವಾರಕ್ಕೊಮ್ಮೆ ಕೊಡುವ ಈ ಮಾತ್ರೆಯನ್ನು ದಿನಾ ನುಂಗಿದರೆ ರಕ್ತಕಣಗಳು ಕುಸಿದು ಜೀವ ಹೋಗಬಹುದು. ಚೀಟಿಯಲ್ಲಿ "ಪ್ರತಿ ಭಾನುವಾರ ಮಾತ್ರ" ಎಂದು ಕನ್ನಡದಲ್ಲಿ ಅಚ್ಚಾಗಲಿ.

ಯೂನಿಟ್ ಎಂಬುದಕ್ಕೆ ಒಂಟಿ ಅಕ್ಷರ ಬೇಡ, 10ರ ಪಕ್ಕದ ಯು ಸೊನ್ನೆಯಾಗಿ 100 ಎಂದು ಓದಿಸಿಕೊಳ್ಳುತ್ತದೆ. 5.0 ಎಂದು ಬರೆಯಗೊಡಬೇಡಿ, ಚುಕ್ಕಿ ಮಾಸಿದರೆ 50. ಅರ್ಧಕ್ಕೆ .5 ಅಲ್ಲ, 0.5. ಕನ್ನಡದಲ್ಲಿ ಸೂಚನೆ ಅಚ್ಚು ಹಾಕುವಾಗ ಅಂಕಿಗಳು 1-0-1 ಹೀಗೇ ಇರಲಿ. ಕನ್ನಡ ಅಂಕಿ ೧ ಮತ್ತು ೦ ಸಣ್ಣ ಅಕ್ಷರದಲ್ಲಿ, ಹಳೇ ಪ್ರಿಂಟರಿನಲ್ಲಿ ಒಂದೇ ಥರ ಕಾಣುತ್ತವೆ. ಒತ್ತಕ್ಷರ ಒಡೆದು ಬರುತ್ತದೆಯೇ ಎಂದೂ ಪ್ರಿಂಟ್ ತೆಗೆದೇ ನೋಡಿ, ಪರದೆಯ ಮೇಲೆ ಚೆನ್ನಾಗಿ ಕಂಡದ್ದು ಸಾಲದು.

ಅಳತೆಯ ಗೊಂದಲ ಎಲ್ಲಿಗೆ ಒಯ್ಯುತ್ತದೆ ಎಂಬುದಕ್ಕೆ 2013ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಒಂದು ದೊಡ್ಡ ಬೋಧನಾ ಆಸ್ಪತ್ರೆಯಲ್ಲಿ ನಡೆದದ್ದನ್ನು ನೋಡಬೇಕು. 38 ಕೆ.ಜಿ. ಚಿಲ್ಲರೆ ತೂಕದ 16 ವರ್ಷದ ಹುಡುಗನಿಗೆ ಬೇಕಾಗಿದ್ದದ್ದು ಕೋಟ್ರೈಮಾಕ್ಸಜೋಲ್ ಎಂಬ ಆಂಟಿಬಯೋಟಿಕ್‌ನ ಒಂದೇ ಮಾತ್ರೆ, ಅದರಲ್ಲಿ ಟ್ರೈಮೆಥೊಪ್ರಿಮ್ 160 ಮಿ.ಗ್ರಾಂ. ಪರದೆ ಕೆ.ಜಿ.ಗೆ ಎಷ್ಟು ಮಿ.ಗ್ರಾಂ ಎಂಬ ಸ್ಥಿತಿಯಲ್ಲಿತ್ತು, ವೈದ್ಯರು 160 ಎಂದು ಒತ್ತಿದರು. ಕಂಪ್ಯೂಟರ್ ತೂಕದಿಂದ ಗುಣಿಸಿ 38 ಮಾತ್ರೆ, ಮೇಲೆ ಅರ್ಧ ಎಂದಿತು. ಅಲರ್ಟ್ ಬಂದಿತ್ತು, ವೈದ್ಯರೂ ಫಾರ್ಮಸಿಸ್ಟೂ ದಾಟಿ ಹೋದರು. ಮಾತ್ರೆ ಕಟ್ಟುವ ಯಂತ್ರ ಅಷ್ಟನ್ನೂ ಕಟ್ಟಿಕೊಟ್ಟಿತು. ಬಾರ್‌ಕೋಡ್ ಪ್ರತಿ ಮಾತ್ರೆಯನ್ನೂ ಸರಿ ಎಂದಿತು. ಹುಡುಗನಿಗೆ ಫಿಟ್ಸ್ ಬಂತು, ಕೊನೆಗೆ ಉಳಿದುಕೊಂಡ. ಅಲ್ಲಿ ಸಾಫ್ಟ್‌ವೇರ್ ಕೆಟ್ಟಿರಲಿಲ್ಲ, ಹೇಳಿದ್ದನ್ನೇ ಮಾಡಿತು. ನಿಮ್ಮ ಪರದೆಯಲ್ಲಿ ಮೂರು ಬದಲಾವಣೆ ಮಾಡಿಸಿ: ಒಟ್ಟು ಡೋಸ್ ಮತ್ತು ಕೆ.ಜಿ.ಗೆ ಡೋಸ್ ಎರಡೂ ಪಕ್ಕಪಕ್ಕ ಕಾಣಲಿ, ಅದು ಎಷ್ಟು ಮಾತ್ರೆಯಾಗುತ್ತದೆ ಎಂಬುದೂ ದೊಡ್ಡದಾಗಿ ಕಾಣಲಿ, ಒಂದು ಹೊತ್ತಿಗೆ 4 ಮಾತ್ರೆ ದಾಟಿದರೆ ಕಾರಣ ಕೇಳಲಿ. ಸ್ಟಿರಾಯ್ಡಿನಂಥ ಕೆಲವಕ್ಕೆ ಆ ಮಿತಿ ಸಡಿಲಿಸಬೇಕಾಗುತ್ತದೆ, ಸಡಿಲಿಸಿ.

ತಪ್ಪು ರೋಗಿಯ ಹೆಸರಿನಲ್ಲಿ ಬರೆಯುವುದು ಕಾಗದದ ಕಾಲದಲ್ಲಿ ಕಡಿಮೆ ಇತ್ತು, ಫೈಲು ಕೈಯಲ್ಲೇ ಇರುತ್ತಿತ್ತಲ್ಲ. ಒಂದೇ ವಾರ್ಡಿನಲ್ಲಿ ಇಬ್ಬರು ಲಕ್ಷ್ಮಮ್ಮ ಇದ್ದಾಗ ಹೆಸರು ಸಾಲದು. ಫೋಟೋ, ವಯಸ್ಸು, ಐಪಿ (ಒಳರೋಗಿ) ನಂಬರ್ ಪರದೆಯ ನೆತ್ತಿಯಲ್ಲಿರಲಿ. ಒಂದು ಸಲಕ್ಕೆ ಒಬ್ಬ ರೋಗಿಯ ಕಿಟಕಿ ಮಾತ್ರ ತೆರೆಯಲಿ.

ಹಂತ 5: ನಿಯಮಗಳು, ಇಪ್ಪತ್ತರ ಒಳಗೆ

ಕಂಪನಿಯ ಜೊತೆಗೆ ಬರುವ ಔಷಧಿ-ಔಷಧಿ ಘರ್ಷಣೆಯ ಪಟ್ಟಿಯಲ್ಲಿ ಸಾವಿರಾರು ಜೋಡಿಗಳಿರುತ್ತವೆ. ಎಲ್ಲವನ್ನೂ ಬಿಟ್ಟರೆ ಚೀಟಿಗೆ ಎರಡು ಮೂರು ಅಲರ್ಟ್ ಖಾತ್ರಿ. 2006ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ಪರಿಶೀಲನೆಯಲ್ಲಿ ವೈದ್ಯರು ಔಷಧಿ ಸುರಕ್ಷತೆಯ ಅಲರ್ಟ್‌ಗಳಲ್ಲಿ 49ರಿಂದ 96% ದಾಟಿ ಹೋಗುತ್ತಿದ್ದರು. ಇದಕ್ಕೆ ಅಲರ್ಟ್ ಬಳಲಿಕೆ ಎನ್ನುತ್ತಾರೆ: ಬೇಡದ ಎಚ್ಚರಿಕೆ ನೂರು ಕಂಡವರ ಬೆರಳು ಬೇಕಾದದ್ದನ್ನೂ ಓದದೇ ಒತ್ತುತ್ತದೆ.

ಎಲ್ಲ ಆಫ್ ಮಾಡಿ, ಕೆಳಗಿನಂಥವನ್ನು ಮಾತ್ರ ಒಂದೊಂದಾಗಿ ತೆರೆಯಿರಿ.

ಪೂರ್ತಿ ತಡೆ, ಅಂದರೆ ಆರ್ಡರ್ ಮುಂದೆ ಹೋಗುವುದೇ ಇಲ್ಲ. ಇದರಲ್ಲಿ ನಾಲ್ಕೈದಕ್ಕಿಂತ ಹೆಚ್ಚು ಬೇಡ:
- ದಿನಾ ಮೆಥೊಟ್ರೆಕ್ಸೇಟ್ (ಕ್ಯಾನ್ಸರ್ ಚಿಕಿತ್ಸೆ ಬಿಟ್ಟು).
- ಹೃದಯದ ಎದೆನೋವಿಗೆ ನೈಟ್ರೇಟ್ ತೆಗೆದುಕೊಳ್ಳುವವರಿಗೆ ಸಿಲ್ಡೆನಾಫಿಲ್ ಅಥವಾ ಟಡಲಾಫಿಲ್.
- 28 ದಿನದೊಳಗಿನ ಕೂಸಿಗೆ ರಕ್ತನಾಳದಲ್ಲಿ ಸೆಫ್ಟ್ರಿಯಾಕ್ಸೋನ್ ಜೊತೆ ಕ್ಯಾಲ್ಸಿಯಂ.
- 12 ವರ್ಷದೊಳಗೆ ನಿಮೆಸುಲೈಡ್. 2011ರಿಂದ ನಮ್ಮಲ್ಲಿ ನಿಷೇಧವಿದೆ.
- ದುರ್ಬಲಗೊಳಿಸದ ಪೊಟ್ಯಾಸಿಯಂ ಕ್ಲೋರೈಡ್. 10 ಮಿ.ಲೀ. ಆಂಪೂಲಿನಲ್ಲಿ 20 ಮಿಲಿ ಈಕ್ವಿವಲೆಂಟ್ ಇರುತ್ತದೆ, ನೇರ ಚುಚ್ಚಿದರೆ ಹೃದಯ ನಿಲ್ಲುತ್ತದೆ. ಯಾವ ದ್ರವದಲ್ಲಿ, ಎಷ್ಟು ಗಂಟೆಯಲ್ಲಿ ಎಂಬುದು ತುಂಬದೆ ಆರ್ಡರ್ ಆಗಬಾರದು.

ಕಾರಣ ಕೊಟ್ಟು ದಾಟಬಹುದಾದವು:
- ವಾರ್ಫರಿನ್ (ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆ) ಜೊತೆ ಮೆಟ್ರೋನಿಡಜೋಲ್, ಫ್ಲುಕೊನಜೋಲ್, ಕೋಟ್ರೈಮಾಕ್ಸಜೋಲ್ ಅಥವಾ ನೋವಿನ ಮಾತ್ರೆ.
- ಸಿಮ್ವಾಸ್ಟಾಟಿನ್ ಜೊತೆ ಕ್ಲಾರಿಥ್ರೊಮೈಸಿನ್.
- ಪೊಟ್ಯಾಸಿಯಂ ಮಟ್ಟ ನೋಡದೆ ಎನಲಾಪ್ರಿಲ್ ಅಥವಾ ಟೆಲ್ಮಿಸಾರ್ಟನ್ ಜೊತೆ ಸ್ಪೈರೊನೊಲ್ಯಾಕ್ಟೋನ್.
- ಇಜಿಎಫ್‌ಆರ್ 30ರ ಕೆಳಗಿದ್ದಾಗ ಮೆಟ್‌ಫಾರ್ಮಿನ್. (ಇದೂ ಕಿಡ್ನಿ ಸೋಸುವ ವೇಗದ ಅಂದಾಜೇ, ಆದರೆ ಲ್ಯಾಬ್ ರಿಪೋರ್ಟಿನಲ್ಲಿ ಬರುವ ಅಂಕಿ, ಮೇಲೆ ನಾವು ಹಾಕಿದ ಸೂತ್ರದ್ದಲ್ಲ. ಎರಡನ್ನೂ ಬೆರೆಸಬೇಡಿ.)
- ಕಿಡ್ನಿ ಸೋತವರಿಗೆ ಪೂರ್ಣ ಡೋಸ್ ಎನಾಕ್ಸಪ್ಯಾರಿನ್, ಅಮಿಕಾಸಿನ್, ಜೆಂಟಾಮೈಸಿನ್.
- ಗರ್ಭಿಣಿಯರಿಗೆ ಎನಲಾಪ್ರಿಲ್ ಗುಂಪು, ಡಾಕ್ಸಿಸೈಕ್ಲಿನ್. ಹೆರುವ ವಯಸ್ಸಿನ ಎಲ್ಲರಿಗೂ ವಾಲ್ಪ್ರೊಯೇಟ್.
- 12ರೊಳಗೆ ಟ್ರಮಡಾಲ್, ಕೋಡೀನ್. 4 ವರ್ಷದೊಳಗೆ ಕ್ಲೋರ್‌ಫೆನಿರಮಿನ್-ಫಿನೈಲೆಫ್ರಿನ್ ನೆಗಡಿ ಸಿರಪ್.
- ಕ್ಷಯದ ರಿಫಾಂಪಿಸಿನ್ ಜೊತೆ ವಾರ್ಫರಿನ್, ಗರ್ಭನಿರೋಧಕ ಮಾತ್ರೆ. ಇದನ್ನು ಹೊರಗಿನ ತಂತ್ರಾಂಶಗಳು ಹಿಂದಕ್ಕೆ ತಳ್ಳಿರಬಹುದು, ನಮ್ಮಲ್ಲಿ ಮುಂದೆ ಇರಬೇಕು. ಟಿಬಿ ಮಾತ್ರೆ ಸರ್ಕಾರಿ ಕೇಂದ್ರದಿಂದ ಬರುವುದರಿಂದ ನಿಮ್ಮ ಫಾರ್ಮಸಿ ದಾಖಲೆಯಲ್ಲಿ ಇರುವುದಿಲ್ಲ. "ಹೊರಗಿನಿಂದ ತೆಗೆದುಕೊಳ್ಳುವ ಔಷಧಿ" ಎಂಬ ಕಾಲಂ ಇಲ್ಲದೆ ಈ ನಿಯಮ ಏಳುವುದೇ ಇಲ್ಲ.
- ಪ್ಯಾರಾಸಿಟಮಾಲ್ ಒಟ್ಟು ಲೆಕ್ಕ, ಎರಡು ನೋವಿನ ಮಾತ್ರೆ ಒಟ್ಟಿಗೆ.

ಉಳಿದದ್ದೆಲ್ಲ ಪರದೆಯ ಪಕ್ಕದಲ್ಲಿ ಸುಮ್ಮನೆ ಕಾಣುವ ಸಾಲು, ಕ್ಲಿಕ್ ಬೇಡ.

ಪೂರ್ತಿ ತಡೆಯ ಆಸೆ ಹೆಚ್ಚಾದೀತು, ಅದಕ್ಕೊಂದು ಎಚ್ಚರಿಕೆ. ವಾರ್ಫರಿನ್ ಮತ್ತು ಕೋಟ್ರೈಮಾಕ್ಸಜೋಲ್ ಒಟ್ಟಿಗೆ ಬರೆಯದಂತೆ ಬಹುತೇಕ ಪೂರ್ತಿ ತಡೆ ಹಾಕಿ ಅಮೆರಿಕದಲ್ಲಿ ನಡೆಸಿದ ಪ್ರಯೋಗ 2010ರಲ್ಲಿ ಪ್ರಕಟವಾಯಿತು. ತಡೆ ಚೆನ್ನಾಗಿಯೇ ಕೆಲಸ ಮಾಡಿತು. ಆದರೆ ನಿಜಕ್ಕೂ ಆ ಔಷಧಿ ಬೇಕಿದ್ದ ನಾಲ್ವರಿಗೆ ಚಿಕಿತ್ಸೆ ತಡವಾದದ್ದು ಕಂಡು ಪ್ರಯೋಗವನ್ನೇ ಅರ್ಧಕ್ಕೆ ನಿಲ್ಲಿಸಿದರು. ಯಾವ ತಡೆಗೂ ಒಬ್ಬ ಹಿರಿಯ ವೈದ್ಯರು ಫೋನಿನಲ್ಲಿ ಒಪ್ಪಿ ತೆರೆಸುವ ದಾರಿ ಇರಲಿ.

ಹಂತ 6: ಅಲರ್ಟ್‌ನ ಮಾತು

"ಗಂಭೀರ ಘರ್ಷಣೆ ಪತ್ತೆಯಾಗಿದೆ. ಮುಂದುವರಿಯಲೇ?" ಇದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಹೀಗೆ ಬರೆಯಿರಿ: "ವಾರ್ಫರಿನ್ ನಡೆಯುತ್ತಿದೆ, ಐಎನ್‌ಆರ್ 2.8 (ನಿನ್ನೆ). ಮೆಟ್ರೋನಿಡಜೋಲ್ ಸೇರಿದರೆ ರಕ್ತಸ್ರಾವದ ಅಪಾಯ ಏರುತ್ತದೆ. ಬೇರೆ ಔಷಧಿ ಆರಿಸಿ, ಅಥವಾ 3 ದಿನದಲ್ಲಿ ಐಎನ್‌ಆರ್ ಮಾಡಿಸಿ." (ಐಎನ್‌ಆರ್ ಎಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ತೋರಿಸುವ ಅಂಕಿ.) ಕೆಳಗೆ ಎರಡು ಗುಂಡಿ: ಔಷಧಿ ಬದಲಿಸು, ಐಎನ್‌ಆರ್ ಆರ್ಡರ್ ಮಾಡಿ ಮುಂದುವರಿ. ಎಚ್ಚರಿಸಿದ ಪರದೆಯಲ್ಲೇ ಪರಿಹಾರವೂ ಇದ್ದರೆ ಒತ್ತುತ್ತಾರೆ. ಕಾರಣದ ಪಟ್ಟಿಯಲ್ಲಿ ಮೂರು ನಾಲ್ಕು ಆಯ್ಕೆ ಸಾಕು. ಖಾಲಿ ಜಾಗ ಕೊಟ್ಟರೆ ಅದರಲ್ಲಿ ಒಂದು ಚುಕ್ಕಿ ಒತ್ತಿ ಹೋಗುತ್ತಾರೆ.

ಹಂತ 7: ನಕಲಿ ರೋಗಿಗಳ ಮೇಲೆ ಪರೀಕ್ಷೆ

ಪ್ರಯೋಗಕ್ಕೆಂದೇ ಹತ್ತು ನಕಲಿ ರೋಗಿಗಳನ್ನು ಸೃಷ್ಟಿಸಿ. ಮೇಲಿನ ಅಜ್ಜಿಯೂ ಇರಲಿ, 10 ಕೆ.ಜಿ.ಯ ಮಗುವೂ ಇರಲಿ, ಪೆನ್ಸಿಲಿನ್ ಅಲರ್ಜಿಯವರೂ ಟಿಬಿ ಮಾತ್ರೆಯವರೂ ಇರಲಿ. ಪ್ರತಿ ನಿಯಮಕ್ಕೂ ಎರಡು ಆರ್ಡರ್ ಹಾಕಿ, ಒಂದು ಅಲರ್ಟ್ ಬರಲೇಬೇಕಾದದ್ದು, ಇನ್ನೊಂದು ಬರಬಾರದ್ದು. ಎರಡನೆಯದನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ಬೇಡದ ಅಲರ್ಟ್‌ಗಳು ನುಸುಳುವುದು ಅಲ್ಲಿಂದಲೇ. ಜೆನೆರಿಕ್ ಹೆಸರಿನಿಂದಲೂ ಬ್ರಾಂಡ್ ಹೆಸರಿನಿಂದಲೂ ಪ್ರಯತ್ನಿಸಿ. ಸಾಫ್ಟ್‌ವೇರ್ ಅಪ್‌ಡೇಟ್ ಆದ ಪ್ರತಿ ಸಲವೂ ಇಡೀ ಪರೀಕ್ಷೆ ಮತ್ತೆ ನಡೆಯಬೇಕು. ಅಪ್‌ಡೇಟ್ ನಂತರ ನಿಯಮವೊಂದು ಸದ್ದಿಲ್ಲದೆ ಸತ್ತಿರುವುದು ಯಾರ ಕಣ್ಣಿಗೂ ಬೀಳುವುದಿಲ್ಲ, ಬಾರದ ಅಲರ್ಟನ್ನು ಗಮನಿಸುವವರು ಯಾರು? ನಕಲಿ ಹೆಸರುಗಳ ಮುಂದೆ "ಪರೀಕ್ಷೆ" ಎಂದು ಸೇರಿಸಿ, ಇಲ್ಲದಿದ್ದರೆ ಫಾರ್ಮಸಿಯಿಂದ ನಿಜವಾಗಿಯೇ ಮಾತ್ರೆ ಬಂದೀತು.

ಹಂತ 8: ಮೊದಲು ಮೌನ, ಆಮೇಲೆ ಒಂದು ವಾರ್ಡ್

ಎರಡು ವಾರ ಅಲರ್ಟ್‌ಗಳು ಒಳಗೊಳಗೇ ದಾಖಲಾಗಲಿ, ಪರದೆಯ ಮೇಲೆ ಬರುವುದು ಬೇಡ. ಮೂವರೂ ಕುಳಿತು ಪಟ್ಟಿ ನೋಡಿ. ಯಾವ ನಿಯಮ ಅತಿಯಾಗಿ ಏಳುತ್ತದೆ ಎಂಬುದು ವೈದ್ಯರನ್ನು ರೇಗಿಸುವ ಮೊದಲೇ ತಿಳಿಯುತ್ತದೆ. ಆಮೇಲೆ ಮೆಡಿಸಿನ್ ವಾರ್ಡ್ ಒಂದರಲ್ಲಿ ಶುರು ಮಾಡಿ. ಐಸಿಯು ಕೊನೆಗೆ.

ಪಿಟ್ಸ್‌ಬರ್ಗ್‌ನ ಮಕ್ಕಳ ಆಸ್ಪತ್ರೆಯೊಂದರಲ್ಲಿ ಇಂಥ ವ್ಯವಸ್ಥೆ ಅವಸರದಲ್ಲಿ ಬಂದ ಮೇಲೆ, ಬೇರೆ ಆಸ್ಪತ್ರೆಗಳಿಂದ ವರ್ಗವಾಗಿ ಬಂದ ಮಕ್ಕಳಲ್ಲಿ ಸಾವಿನ ಪ್ರಮಾಣ 2.80%ರಿಂದ 6.57%ಕ್ಕೆ ಏರಿದ್ದು 2005ರಲ್ಲಿ ವರದಿಯಾಯಿತು. ಮಗು ಬಂದು ದಾಖಲಾಗುವವರೆಗೆ ಔಷಧಿ ಆರ್ಡರ್ ಹಾಕಲು ಬರುತ್ತಿರಲಿಲ್ಲ, ಔಷಧಿಗಳನ್ನೆಲ್ಲ ದೂರದ ಕೇಂದ್ರ ಫಾರ್ಮಸಿಗೆ ಸಾಗಿಸಿದ್ದರು, ಹಾಸಿಗೆಯ ಪಕ್ಕ ಇರಬೇಕಾದವರು ಕೀಬೋರ್ಡಿನ ಮುಂದಿದ್ದರು. ಅದೇ ಸಾಫ್ಟ್‌ವೇರನ್ನು ಸಿಯಾಟಲ್‌ನ ಮಕ್ಕಳ ಆಸ್ಪತ್ರೆ ತಯಾರಿ ಮಾಡಿಕೊಂಡು ತಂದಾಗ ಸಾವು ಏರಲಿಲ್ಲ. ಆದ್ದರಿಂದ ತುರ್ತು ಔಷಧಿಗಳು ವಾರ್ಡಿನ ಟ್ರೇಯಲ್ಲೇ ಇರಲಿ, ಆಂಬುಲೆನ್ಸ್ ಹೊರಟ ಫೋನ್ ಬಂದ ಕೂಡಲೇ ತಾತ್ಕಾಲಿಕ ನಂಬರಿನಲ್ಲಿ ಆರ್ಡರ್ ಹಾಕಲು ಬರುವಂತಿರಲಿ.

ಕರೆಂಟ್, ನೆಟ್ ಹೋದಾಗ ಬಳಸಲು ಮುದ್ರಿತ ಆರ್ಡರ್ ಶೀಟುಗಳು ಪ್ರತಿ ವಾರ್ಡಿನಲ್ಲೂ ಇರಬೇಕು. ಪ್ರತಿದಿನ ಬೆಳಿಗ್ಗೆ 6ಕ್ಕೆ, ಸಂಜೆ 6ಕ್ಕೆ ಒಳರೋಗಿಗಳ ಚಾಲ್ತಿ ಔಷಧಿ ಪಟ್ಟಿ ತಾನಾಗಿ ಪ್ರಿಂಟ್ ಆಗುವಂತೆ ಮಾಡಿ. ವ್ಯವಸ್ಥೆ ಮರಳಿದ ಮೇಲೆ ಕಾಗದದ ಆರ್ಡರುಗಳನ್ನು ಒಳಗೆ ತುಂಬುವವರು ಯಾರು ಎಂಬುದನ್ನೂ ಬರೆದಿಡಿ. ಒಂದೇ ಡೋಸ್ ಎರಡು ಸಲ ಹೋಗುವುದು ಈ ಸಂದಿಯಲ್ಲೇ.

ಹಂತ 9: ತಿಂಗಳಿಗೊಮ್ಮೆ ಕತ್ತರಿ

ಪ್ರತಿ ನಿಯಮಕ್ಕೂ ಎರಡು ಅಂಕಿ: ಎಷ್ಟು ಸಲ ಎದ್ದಿತು, ಎಷ್ಟು ಸಲ ಆರ್ಡರ್ ಬದಲಾಯಿತು. ಹತ್ತರಲ್ಲಿ ಒಂಬತ್ತು ಸಲ ದಾಟಿ ಹೋಗಿದ್ದರೆ ಇಪ್ಪತ್ತು ಕೇಸ್ ಶೀಟ್ ತೆಗೆದು ನೋಡಿ. ವೈದ್ಯರು ದಾಟಿದ್ದು ಸರಿಯಾಗಿದ್ದರೆ ನಿಯಮವನ್ನು ತಿದ್ದಿ ಅಥವಾ ತೆಗೆಯಿರಿ. ತಪ್ಪಾಗಿದ್ದರೆ ಆ ವೈದ್ಯರ ಜೊತೆ ಮಾತಾಡಿ, ಎಲ್ಲರ ಎದುರು ಬೇಡ. ಹೊಸ ನಿಯಮ ಒಂದು ಸೇರಿಸುವವರು ತೆಗೆಯಬಹುದಾದ ಹಳೆಯದೊಂದನ್ನು ಹೆಸರಿಸಬೇಕು ಎಂಬ ಕಟ್ಟುಪಾಡು ಒಳ್ಳೆಯದು.

ಅಲರ್ಟ್ ತಪ್ಪಿಸಲು ನಡೆಯುವ ಒಳದಾರಿಗಳನ್ನೂ ಹುಡುಕಿ. ಎಲ್ಲ ಮಕ್ಕಳಿಗೂ 10 ಕೆ.ಜಿ. ಎಂದಿರುವುದು, ಕಡ್ಡಾಯ ಜಾಗದಲ್ಲಿ 1 ಎಂದು ಒತ್ತಿರುವುದು, ಔಷಧಿ ಆರಿಸದೆ "ಇತರೆ" ಎಂದು ಹಾಕಿ ಟಿಪ್ಪಣಿಯಲ್ಲಿ ಹೆಸರು ಬರೆದಿರುವುದು ಕಂಡರೆ ಸಿಬ್ಬಂದಿಯನ್ನು ಬೈಯುವ ಮೊದಲು ಪರದೆಯನ್ನು ನೋಡಿ. ಡಾಕ್ಟರರ ಪಾಸ್‌ವರ್ಡಿನಲ್ಲಿ ಸಿಸ್ಟರ್ ಆರ್ಡರ್ ಹಾಕುತ್ತಿದ್ದರೆ ಮಾತ್ರ ಅಂದೇ ನಿಲ್ಲಿಸಬೇಕು: ಓದಬೇಕಾದವರ ಕಣ್ಣಿಗೆ ಅಲರ್ಟ್ ಬೀಳುತ್ತಲೇ ಇಲ್ಲ.

ಇದು ಹಿಡಿಯದ ತಪ್ಪುಗಳು

ರೋಗವನ್ನೇ ತಪ್ಪಾಗಿ ಗುರುತಿಸಿದ್ದನ್ನು, ಬರೆಯಬೇಕಾಗಿದ್ದ ಔಷಧಿ ಬಿಟ್ಟುಹೋದದ್ದನ್ನು ಮೇಲಿನ ನಿಯಮಗಳು ಹಿಡಿಯುವುದಿಲ್ಲ. ಸರಿಯಾದ ಆರ್ಡರನ್ನು ಪಕ್ಕದ ಹಾಸಿಗೆಯವರಿಗೆ ಚುಚ್ಚಿದ್ದನ್ನೂ ಹಿಡಿಯುವುದಿಲ್ಲ, ಅದಕ್ಕೆ ಕೈಪಟ್ಟಿಯ ಬಾರ್‌ಕೋಡ್ ಬೇರೆಯೇ ಬೇಕು. ಫೋನಿನ ಎಐ ಚಾಟ್‌ನಲ್ಲಿ ಚೀಟಿ ಹಾಕಿ ಕೇಳುವುದು ಇದಕ್ಕೆ ಬದಲಿಯಲ್ಲ. ಅದು ನಿಮ್ಮ ರೋಗಿಯ ತೂಕ, ಕ್ರಿಯಾಟಿನಿನ್ ನೋಡಿಲ್ಲ, ಕೊಟ್ಟ ಉತ್ತರಕ್ಕೆ ದಾಖಲೆಯೂ ಇಲ್ಲ, ಮೇಲಾಗಿ ರೋಗಿಯ ವಿವರ ಹೊರಗೆ ಹೋಗುತ್ತದೆ.

ಇಷ್ಟಾಗಿಯೂ ಔಷಧಿಯಿಂದ ತೊಂದರೆಯಾದರೆ ಒಳಗಿನ ಪುಸ್ತಕದಲ್ಲಿ ಬರೆಯುವುದರ ಜೊತೆಗೆ ಭಾರತೀಯ ಫಾರ್ಮಕೋವಿಜಿಲೆನ್ಸ್ ಕಾರ್ಯಕ್ರಮಕ್ಕೆ ತಿಳಿಸಿ, ಟೋಲ್ ಫ್ರೀ ಸಂಖ್ಯೆ 1800-180-3024. ಸಿಸ್ಟರ್, ಫಾರ್ಮಸಿಸ್ಟ್, ರೋಗಿಯ ಮನೆಯವರು ಯಾರು ಬೇಕಾದರೂ ತಿಳಿಸಬಹುದು. ಆ ಔಷಧಿಯ ಹೆಸರನ್ನು ಅದೇ ದಿನ ರೋಗಿಯ ಅಲರ್ಜಿ ಕಾಲಂನಲ್ಲಿ ಪಟ್ಟಿಯಿಂದ ಆರಿಸಿ ತುಂಬಿ, ಡಿಸ್ಚಾರ್ಜ್ ಕಾರ್ಡಿನಲ್ಲಿ ದಪ್ಪಕ್ಷರದಲ್ಲಿ ಅಚ್ಚು ಹಾಕಿ.